ಅಪ್ರೆಂಟಿಸ್ ಹುಡುಗರಿಗೂ ಒಂದು ಸತ್ಕಾರ

ಜಾತ್ರೆ ಹತ್ತಿರ ಬಂದಂತೆ ಮಠದ ಕಮಿಟಿಯವರು ಸತ್ಕಾರದ ಯಾದಿ ಬರೆಯಲು ಕೂಡುತ್ತಾರೆ. ತೇರಿಗೆ ದೇಣಿಗೆ ಕೊಟ್ಟವರು, ದಾಸೋಹಕ್ಕೆ ಅಕ್ಕಿ ಕಳಿಸಿದವರು, ತಾಲೂಕಿನ ಅಧಿಕಾರಿಗಳು, ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ದಾಟಿದ ಮಕ್ಕಳು, ಡಾಕ್ಟರಿಕೆಗೆ ಸೀಟು ಸಿಕ್ಕವರು. ಇವರಾರೂ ಸತ್ಕಾರಕ್ಕೆ ಅನರ್ಹರೆಂದು ನಾನು ಹೇಳುತ್ತಿಲ್ಲ. ಆದರೆ ಹಿರೇಬೆಂಡಿಗೇರಿಯಂಥ ಊರಿನಿಂದ ಐಟಿಐ ಇಲ್ಲವೆ ಡಿಪ್ಲೊಮಾ ಮುಗಿಸಿ ರೈಲ್ವೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಹುಡುಗನ ಹೆಸರನ್ನು ಯಾರಾದರೂ ಎತ್ತಿದರೆ, "ಅಂವಾ ಇನ್ನೂ ಕಲಿಯಾಕತ್ತಾನ್ರೀ, ನೌಕರಿ ಆಗಲಿ, ಆಮ್ಯಾಲೆ ನೋಡೂಣು" ಎಂಬ ಉತ್ತರ ಬರುತ್ತದೆ. ಶರಣಬಂಧುಗಳೆ, ನನ್ನ ತಕರಾರು ಇರುವುದು ಈ 'ಆಮ್ಯಾಲೆ'ಯ ಬಗ್ಗೆ.

ಏಕೆಂದರೆ ಬಹಳ ಮಕ್ಕಳ ಪಾಲಿಗೆ ಆ 'ಆಮ್ಯಾಲೆ' ಬರುವುದೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ನೌಕರನಲ್ಲ. ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಬಾಧ್ಯತೆಯನ್ನೂ ಕಾಯ್ದೆ ಸಂಸ್ಥೆಯ ಮೇಲೆ ಹಾಕಿಲ್ಲ. ರೈಲ್ವೆಯು ತನ್ನಲ್ಲಿ ತರಬೇತಿ ಮುಗಿಸಿದವರಿಗೆ ಕೆಳಹಂತದ ನೇರ ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆ ಕಾದಿರಿಸಿದೆ, ನಿಜ. ಆದರೆ ಅದಕ್ಕೂ ಪರೀಕ್ಷೆ ಬರೆಯಬೇಕು, ಪ್ರಕಟಣೆ ಹೊರಡುವ ತನಕ ಕಾಯಬೇಕು. ಆ ಶೇ 20 ಸಾಲದೆಂದು 2018ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಈ ಮಕ್ಕಳು ಹಳಿಯ ಮೇಲೆ ಕೂತು ಲೋಕಲ್ ರೈಲು ನಿಲ್ಲಿಸಿದ್ದು ನೆನಪಿರಬಹುದು. ವರ್ಷಗಟ್ಟಲೆ ಕೆಲಸ ಕಲಿತು ಊರಿಗೆ ಮರಳಿದ ಹುಡುಗನನ್ನು ನಾವು 'ನಿರುದ್ಯೋಗಿ' ಎನ್ನುತ್ತೇವೆ. ಅವನು ಏನು ಕಲಿತು ಬಂದನೆಂದು ಕೇಳುವವರಿಲ್ಲ.

ರೈಲ್ವೆ ಅಂದಕೂಡಲೆ ನಮ್ಮ ಭಾಗದವರ ಕಣ್ಣಿಗೆ ಬರುವುದು ಹುಬ್ಬಳ್ಳಿಯ ವರ್ಕ್‌ಶಾಪು. ಅಲ್ಲಿನ ಫಿಟ್ಟರ್, ವೆಲ್ಡರ್ ಕೆಲಸ ಎಲ್ಲರಿಗೂ ಗೊತ್ತು. ಆದರೆ ಹೊಸ ಹಳಿ ಹಾಕುವ, ಸೇತುವೆ ಕಟ್ಟುವ ಯೋಜನೆಗಳ ಕೆಲಸವೂ ಉಂಟು. ರೈಟ್ಸ್, ಇರ್ಕಾನ್, ಕೊಂಕಣ ರೈಲ್ವೆಯಂಥ ಸಂಸ್ಥೆಗಳು ಡಿಪ್ಲೊಮಾ, ಬಿಇ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಯೋಜನೆ ನಿರ್ವಹಣೆ ಎಂದರೆ ತಂಪು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂಡುವುದು ಎಂದು ತಿಳಿದವರು ಹಾವೇರಿಯ ಮೇಲೆ ಹಾದುಹೋಗುವ ಹುಬ್ಬಳ್ಳಿ–ಚಿಕ್ಕಜಾಜೂರು ಜೋಡಿ ಮಾರ್ಗವನ್ನು ನೆನೆಯಲಿ. ಸುಮಾರು 190 ಕಿಲೋಮೀಟರ್. ಇದ್ದ ಹಳಿಯ ಮೇಲೆ ರೈಲು ಓಡುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಹಳಿ ಹಾಕಬೇಕು. ಕೆಲವು ಕೆಲಸಕ್ಕೆ ರೈಲು ನಿಲ್ಲಿಸಿ ಕೊಡುವ 'ಬ್ಲಾಕ್' ಎಂಬ ಅವಧಿ ಕೆಲವೇ ತಾಸಿನದು. ಅಷ್ಟರೊಳಗೆ ಖಡಿ, ಸ್ಲೀಪರು, ಕ್ರೇನು, ಆಳು ಎಲ್ಲವೂ ಜಾಗದಲ್ಲಿರಬೇಕು. ಒಂದು ಲಾರಿ ತಡವಾದರೆ ಆ ಬ್ಲಾಕ್ ಹೋಯಿತು. ಇನ್ನೊಂದಕ್ಕೆ ಎಷ್ಟು ದಿನ ಕಾಯಬೇಕೋ. ಹೊಸ ಹಳಿಯನ್ನು ನಿಲ್ದಾಣಕ್ಕೆ ಜೋಡಿಸುವಾಗ ಸಿಗ್ನಲ್ ವ್ಯವಸ್ಥೆಯನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾರೆ. ರೈಲು ರದ್ದಾಯಿತೆಂದು ನಾವು ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೈಯುವುದು ಹೆಚ್ಚಾಗಿ ಅಂಥ ದಿನಗಳಲ್ಲೇ.

ಇಂಥ ಕೆಲಸದಲ್ಲಿ ಒಳ್ಳೆಯ ಅಪ್ರೆಂಟಿಸ್ ಯಾರು? ನನ್ನ ತಿಳುವಳಿಕೆಯಲ್ಲಿ ಅವನು ಕೇಳಿ ತಿಳಿಯುವವನು. ಗೇಟ್ ತೆಗೆದು ಕಟ್ಟಿದ ಅಂಡರ್‌ಪಾಸುಗಳು ಮಳೆಗಾಲದಲ್ಲಿ ಕೆರೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಎತ್ತಿನ ಗಾಡಿ ಈಚೆ ದಂಡೆ, ಹೊಲ ಆಚೆ ದಂಡೆ. ನಕ್ಷೆಯಲ್ಲಿ ಗಟಾರ ಇರುತ್ತದೆ, ನೀರಿಗೆ ಮಾತ್ರ ಅದು ಗೊತ್ತಿರುವುದಿಲ್ಲ! ಲೆವೆಲ್ ಹಿಡಿಯುವ ಮೊದಲು ಹೊಲದವರ ಹತ್ತಿರ ಹೋಗಿ, "ಯಜಮಾನ್ರ, ಮಗೀ ಮಳಿ ಜೋರಾದ್ರ ನೀರು ಯಾ ಕಡೆ ಹರೀತದ?" ಎಂದು ಕೇಳಿ, ಅದನ್ನು ಬರೆದು ತಂದು ಇಂಜಿನಿಯರ ಮುಂದೆ ಇಡುವ ಹುಡುಗಿ ನನ್ನ ಲೆಕ್ಕದಲ್ಲಿ ಮೇಲಿನ ದರ್ಜೆಯವಳು. ಆಗದ ಕೆಲಸವನ್ನು ಅಳತೆ ಪುಸ್ತಕದಲ್ಲಿ ಆಗಿದೆಯೆಂದು ಬರೆಯಲು ಒಪ್ಪದವಳೂ ಅಷ್ಟೇ. ಅಂಕಪಟ್ಟಿಯಲ್ಲಿ ಈ ಗುಣಕ್ಕೆ ಕಾಲಂ ಇಲ್ಲ.

ಅಪ್ರೆಂಟಿಸ್ ಎಂಬ ಹೆಸರು ಮೊದಲಿನಿಂದಲೂ ಹಗುರವಾದದ್ದಲ್ಲ. ಬಿಹಾರದ ಜಮಾಲ್ಪುರದಲ್ಲಿ 1927ರಿಂದ 'ಸ್ಪೆಷಲ್ ಕ್ಲಾಸ್ ರೈಲ್ವೆ ಅಪ್ರೆಂಟಿಸ್' ಎಂದು ಹದಿಹರೆಯದ ಹುಡುಗರನ್ನು ಆರಿಸಿ ವರ್ಕ್‌ಶಾಪಿನಲ್ಲೇ ಪಳಗಿಸುತ್ತಿದ್ದರು. ಅಲ್ಲಿಂದ ಬಂದವರು ಮುಂದೆ ರೈಲ್ವೆ ಬೋರ್ಡಿನ ಅಧ್ಯಕ್ಷರ ತನಕ ಏರಿದರು. ಆ ನೇಮಕಾತಿ ಈಗ ನಿಂತಿದೆ. ಒಂದೇ ಹೆಸರು ಜಮಾಲ್ಪುರದಲ್ಲಿ ಬಿರುದಾಗಿತ್ತು, ನಮ್ಮಲ್ಲಿ 'ಇನ್ನೂ ಏನೂ ಆಗಿಲ್ಲ' ಎಂಬುದರ ಗುರುತಾಗಿದೆ. ಕೆಲಸ ಎರಡೂ ಕಡೆ ಕೈಯಿಂದಲೇ ಕಲಿಯುವಂಥದು; ವ್ಯತ್ಯಾಸ ಇರುವುದು ನೋಡುವವರ ಕಣ್ಣಿನಲ್ಲಿ.

ಸಕಾಲದ ಗೌರವ ಏನು ಮಾಡಬಲ್ಲದೆಂಬುದಕ್ಕೆ ರೈಲ್ವೆಯ ಇತಿಹಾಸದಲ್ಲೇ ಉದಾಹರಣೆಯಿದೆ. 1964ರ ಡಿಸೆಂಬರಿನ ಚಂಡಮಾರುತಕ್ಕೆ ರಾಮೇಶ್ವರದ ಪಾಂಬನ್ ಸೇತುವೆ ಕೊಚ್ಚಿಹೋಯಿತು. ಆರು ತಿಂಗಳು ಬೇಕೆಂದಿದ್ದ ದುರಸ್ತಿಯನ್ನು 46 ದಿನಗಳಲ್ಲಿ ಮುಗಿಸಿದವರು ಮೂವತ್ತೆರಡರ ಯುವ ಇಂಜಿನಿಯರ್ ಇ. ಶ್ರೀಧರನ್. ರೈಲ್ವೆ ಮಂತ್ರಿಗಳ ಪ್ರಶಸ್ತಿ ಕೂಡಲೇ ಬಂತು. ಮುಂದೆ ಕೊಂಕಣ ರೈಲ್ವೆಯ ಹೊಣೆ ಹೊತ್ತವರೂ ಅವರೇ. ಆದರೆ ಅದೇ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ: ಸಮುದ್ರದ ತಳದಲ್ಲಿ ಬಿದ್ದಿದ್ದ ಗರ್ಡರುಗಳು ಎಲ್ಲಿವೆಯೆಂದು ತೋರಿಸಿದವರು ಮೀನುಗಾರರು. ಅವುಗಳನ್ನು ಎತ್ತಿ ಮತ್ತೆ ಬಳಸಿದ್ದರಿಂದಲೇ ಕೆಲಸ ಅಷ್ಟು ಬೇಗ ಸಾಗಿತು. ಆ ಮೀನುಗಾರರ ಹೆಸರು ನಮ್ಮ ಬಾಯಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವವನನ್ನು ಅಂಬಿಗರ ಚೌಡಯ್ಯನೆಂದೂ ಹಗ್ಗ ಹೊಸೆಯುವವನನ್ನು ನುಲಿಯ ಚಂದಯ್ಯನೆಂದೂ ಕಸುಬಿನ ಸಮೇತ ಹೆಸರಿಟ್ಟು ಕರೆದವರ ಹಾದಿ ನಮ್ಮದು ಎನ್ನುತ್ತೇವೆ. ಅನುಭವ ಮಂಟಪದ ಬಾಗಿಲಲ್ಲಿ ಯಾರೂ ನೇಮಕಾತಿ ಪತ್ರ ಕೇಳಿರಲಿಲ್ಲ.

"ಕಲಿಯುವ ವಯಸ್ಸಿನಲ್ಲಿ ಹೊಗಳಿದರೆ ಹುಡುಗರು ಕೆಡುತ್ತಾರೆ" ಎಂಬ ಮಾತೂ ಬರುತ್ತದೆ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಪೇಟ ಸುತ್ತಿ ಮೆರವಣಿಗೆ ಮಾಡುವಾಗ ಈ ಭಯ ಎಲ್ಲಿ ಹೋಗಿರುತ್ತದೆಯೋ! ನಿಜವಾದ ಅಪಾಯ ಬೇರೆಯದು. ಯಾರೋ ಪುಢಾರಿಯ ಶಿಫಾರಸಿನಿಂದ ಹೆಸರು ಬಂದರೆ, ಸಾಹೇಬರಿಗೆ ಚಹಾ ತಂದುಕೊಟ್ಟವನಿಗೆ ಪ್ರಶಸ್ತಿ ಹೋದರೆ, ಸತ್ಕಾರ ಇಲ್ಲದಿರುವುದೇ ಮೇಲು. ಆದ್ದರಿಂದ ಕಮಿಟಿಯವರು ಅಂಕಪಟ್ಟಿ ಬದಿಗಿಟ್ಟು ಜೊತೆಗೆ ದುಡಿದ ಮೇಸ್ತ್ರಿಯನ್ನು, ಗ್ಯಾಂಗಿನವರನ್ನು ಕೇಳಲಿ. ಹುಡುಗನ ದಿನಚರಿ ಪುಸ್ತಕ ತರಿಸಿ ನೋಡಲಿ. ರೈಲ್ವೆಯಿಂದ ನಿವೃತ್ತರಾದವರು ನಮ್ಮ ಊರುಗಳಲ್ಲೇ ಇದ್ದಾರೆ; ಅವರಲ್ಲಿ ಇಬ್ಬರನ್ನು ಕೂಡಿಸಿ, ತಾನು ಮಾಡಿದ ಒಂದು ಕೆಲಸವನ್ನು ವಿವರಿಸೆಂದು ಹತ್ತು ನಿಮಿಷ ಕೊಟ್ಟರೆ ಗಟ್ಟಿ ಯಾವುದು, ಪೊಳ್ಳು ಯಾವುದು ತಿಳಿಯುತ್ತದೆ. ಇನ್ನು ಜಾತಿಯ ಮಾತು. ಲಿಂಗಾಯತರ ಮಕ್ಕಳಿಗೆ ಮಾತ್ರ ಎಂದು ಯಾರಾದರೂ ಸೂಚಿಸಿದರೆ ಪೂಜ್ಯರು ಅಲ್ಲಿಯೇ ತಡೆಯಬೇಕು. ಊರಿನ ಯಾವ ಓಣಿಯ ಮಗುವಾದರೂ ಸರಿ.

ಕೊಡುವುದೇನು ಎಂಬುದನ್ನೂ ಯೋಚಿಸಬೇಕು. ಮನೆಯ ಟ್ರಂಕಿನಲ್ಲಿ ಶಾಲುಗಳಿಗೆ ಬರವಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಇನ್ನೂ ಏನೂ ಆಗಿರದ ಮಕ್ಕಳ ಮೇಲೆ ಅವರು ಇಟ್ಟ ನಂಬಿಕೆ ಅದು. ತರಬೇತಿ ಮುಗಿದು ಪರೀಕ್ಷೆ ಬರುವ ತನಕದ ತಿಂಗಳುಗಳೇ ನಮ್ಮ ಹುಡುಗರಿಗೆ ಬಲು ಕಷ್ಟದವು. ಸ್ಟೈಪೆಂಡ್ ನಿಂತಿರುತ್ತದೆ, ಹುಬ್ಬಳ್ಳಿಯ ಕೋಣೆ ಬಾಡಿಗೆ ನಿಲ್ಲುವುದಿಲ್ಲ. ಹುಬ್ಬಳ್ಳಿ, ಧಾರವಾಡಗಳ ಮಠದ ಪ್ರಸಾದ ನಿಲಯಗಳಲ್ಲಿ ಅಂಥವರಿಗೆಂದು ನಾಲ್ಕು ಹಾಸಿಗೆ, ಎರಡು ಹೊತ್ತಿನ ಪ್ರಸಾದ, ಪರೀಕ್ಷೆಯ ಪುಸ್ತಕಗಳು ಸಿಕ್ಕರೆ ಸಾಕು. ಈ ಶ್ರಾವಣದ ಪ್ರವಚನ ಶುರುವಾಗುವ ಮೊದಲು ನಮ್ಮ ತಾಲೂಕಿನ ಯಾವುದಾದರೂ ಒಂದು ಮಠ ಇದಕ್ಕೆ ಮುಂದಾಗಲಿ, ಮಂಗಲದ ದಿನದ ಸತ್ಕಾರದ ಯಾದಿಯಲ್ಲಿ ದೇಣಿಗೆದಾರರ ಹೆಸರಿಗಿಂತ ಮೊದಲು ಒಬ್ಬ ಅಪ್ರೆಂಟಿಸಿನ ಹೆಸರು ಬರಲಿ.