ಪಟ್ಟಣಕ್ಕೂ ಜಮಾಬಂದಿ ಬರಲಿ

ಹುಮನಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದಾಗ ನಮ್ಮ ಶಾಲೆಯ ಪಡಸಾಲೆಯಲ್ಲೇ ಪಂಚಾಯಿತಿಯ ಜಮಾಬಂದಿ ನಡೆಯಿತು. ಅಧಿಕಾರಿ ಕಾಮಗಾರಿಗಳ ಪಟ್ಟಿ ಓದುತ್ತಿದ್ದರು. ಚರಂಡಿ, 60 ಮೀಟರ್, ಪೂರ್ಣಗೊಂಡಿದೆ ಎಂದರು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು, "ಕಾಗದ ಬಿಡ್ರಿ ಸಾಹೇಬ್ರ, ಬರ್ರಿ ತೋರಸ್ತೀನಿ" ಎಂದಳು. ಎಲ್ಲರೂ ಅವಳ ಹಿಂದೆ ಹೊರಟೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. 43 ಮೀಟರಿಗೆ ಹುಣಸೆಮರದ ಬುಡ ಬಂತು, ಚರಂಡಿ ಅಲ್ಲಿಗೇ ಮುಗಿದಿತ್ತು. ಮುಂದೆ ಬರೀ ಕೆಸರು. ಅಳತೆ ಪುಸ್ತಕದ 60ರ ಮೇಲೆ ಅಲ್ಲೇ, ಎಲ್ಲರೆದುರು ಕೆಂಪು ಗೆರೆ ಬಿತ್ತು.

ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಹೀಗೆ ಜನರ ಮುಂದೆ ಲೆಕ್ಕ ಒಪ್ಪಿಸಲೇಬೇಕು. ಅದಕ್ಕೆ 2004ರ ಜಮಾಬಂದಿ ನಿಯಮಗಳೇ ಇವೆ. ಈಗ ನಾನು ಹುಮನಾಬಾದಿನಲ್ಲಿದ್ದೇನೆ, ಮಗಳ ಮನೆ ಬಸವಕಲ್ಯಾಣ. ಎರಡೂ ಕಡೆ ಇರುವುದು ಪಂಚಾಯಿತಿಯಲ್ಲ, ಪೌರಸಂಸ್ಥೆ. ಬಜೆಟ್‌ಗೆ ಮೊದಲು ಪೂರ್ವಭಾವಿ ಸಭೆ ಕರೆದು ನಮಗೇನು ಬೇಕೆಂದು ಕೇಳುವ ಪದ್ಧತಿ ಪಟ್ಟಣಗಳಿಗೂ ಉಂಟು. ದುಡ್ಡು ಖರ್ಚಾದ ಮೇಲೆ ಟೇಪು ಹಿಡಿದು ಓಣಿಗೆ ಬರುವ ದಿನ ಮಾತ್ರ ಇಲ್ಲ. ಆಡಿಟ್ ಆಗುತ್ತದೆ, ನಿಜ. ಅದು ಕಡತ ನೋಡುತ್ತದೆ, ಹುಣಸೆಮರದ ತನಕ ನಡೆದು ಬರುವುದಿಲ್ಲ.

ಲೆಕ್ಕ ಕೇಳುವವರಿಲ್ಲದಿದ್ದರೆ ದುಡ್ಡು ಪೋಲಾಗುತ್ತದೆ. ಪೋಲು ಅಂದರೆ ಕಳವು ಒಂದೇ ಅಲ್ಲ, ವಿಳಂಬವೂ ಪೋಲೇ. ಹುಮನಾಬಾದ್ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು ಮಾರ್ಗ ಕೇವಲ 110 ಕಿಲೋಮೀಟರ್. 1997–98ರಲ್ಲಿ ಮಂಜೂರಾದಾಗ ಅಂದಾಜು ಸುಮಾರು 370 ಕೋಟಿ ರೂಪಾಯಿ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಗುವ ಹೊತ್ತಿಗೆ ಅದು 1,500 ಕೋಟಿ ದಾಟಿತ್ತು. ರೈಲು ಬರುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿದ ಹುಡುಗರು ತಮ್ಮ ಮಕ್ಕಳನ್ನು ಎತ್ತಿಕೊಂಡು ಅದನ್ನು ಹತ್ತಿದರು. ಇಪ್ಪತ್ತು ವರ್ಷ ಯಾಕಾಯಿತೆಂದು ಯಾರೂ ನಮ್ಮೂರಿಗೆ ಬಂದು ಹೇಳಲಿಲ್ಲ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸದ ಹಣದ ದೂರು ಬಂದಾಗ, ಅವರು ಭಂಡಾರ ತೆರೆದು ಲೆಕ್ಕ ಒಪ್ಪಿಸಿದರೆಂಬ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದು ನಡೆದ ಕಲ್ಯಾಣವೇ ಇಂದಿನ ಬಸವಕಲ್ಯಾಣ; ಅಲ್ಲಿ ಓಣಿಯ ಸಿ.ಸಿ. ರಸ್ತೆಯ ಲೆಕ್ಕ ಕೇಳಲು ಜನ ಹೆದರಬಾರದು.

ಪಟ್ಟಣಕ್ಕೂ ಜಮಾಬಂದಿ ನಿಯಮ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದದ ನಕಲು ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ವಾರ್ಡಿನ ಕಳೆದ ವರ್ಷದ ಕಾಮಗಾರಿಗಳ ಅಳತೆ ಪುಸ್ತಕ ಕೇಳಿ ಅರ್ಜಿ ಬರೆದಿಟ್ಟಿದ್ದೇನೆ. ಓಣಿಯ ಹನ್ನೊಂದು ಮಂದಿ ತಾವೂ ಒಂದೊಂದು ಅರ್ಜಿ ಹಾಕುತ್ತೇವೆ ಎಂದಿದ್ದಾರೆ. ಸೋಮವಾರ ಎಲ್ಲರೂ ಕೂಡಿಯೇ ಹೋಗುತ್ತೇವೆ.