ಚಿತ್ತವಾಡ್ಗಿಯ ಮಕ್ಕಳನ್ನು ಬಿಟ್ಟು ಕ್ವಾಂಟಂ ಕಟ್ಟಬೇಡಿ

2025ರ ಜುಲೈ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕ್ವಾಂಟಂ ಸಮಾವೇಶದಲ್ಲಿ ರಾಜ್ಯ ಸರ್ಕಾರ ದೊಡ್ಡ ಸಂಕಲ್ಪವನ್ನೇ ಮಾಡಿತು. 1,000 ಕೋಟಿ ರೂಪಾಯಿಯ ಕರ್ನಾಟಕ ಕ್ವಾಂಟಂ ಮಿಷನ್. 2035ರ ಹೊತ್ತಿಗೆ 20 ಶತಕೋಟಿ ಡಾಲರ್‌ಗಳ ಕ್ವಾಂಟಂ ಆರ್ಥಿಕತೆ. ಹತ್ತು ಸಾವಿರ ಉದ್ಯೋಗ. ಹೆಸರಘಟ್ಟದಲ್ಲಿ 6.17 ಎಕರೆ ಜಾಗವೂ ಕ್ವಾಂಟಂ ಸಿಟಿಗೆಂದು ನಿಗದಿಯಾಯಿತು. ಇದಕ್ಕೆ ಎರಡು ವರ್ಷ ಮೊದಲೇ, 2023ರ ಏಪ್ರಿಲ್‌ನಲ್ಲಿ, ಕೇಂದ್ರ ಸಚಿವ ಸಂಪುಟ 6,003 ಕೋಟಿ ರೂಪಾಯಿಗೂ ಮೀರಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಕ್ವಾಂಟಂ ಕಂಪ್ಯೂಟರ್ ಕಟ್ಟುವ ಹೊಣೆ ಹೊತ್ತ ಕೇಂದ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೇ ಸಿಕ್ಕಿತು. ಬೆಂಗಳೂರಿನ ಕ್ಯೂಪಿಐಎಐ ಕಂಪನಿ 25 ಕ್ಯೂಬಿಟ್‌ಗಳ, ಅಂದರೆ ಕ್ವಾಂಟಂ ಲೆಕ್ಕದ 25 ಮೂಲ ಘಟಕಗಳ, ಯಂತ್ರವನ್ನು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.

ಇವೆಲ್ಲ ನನಗೆ ನಿಜವಾದ ಹೆಮ್ಮೆಯ ಸುದ್ದಿಗಳು. ಆದರೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಿಂತು ಈ ಸುದ್ದಿ ಓದುವವರ ಎದೆಯಲ್ಲಿ ಒಂದು ಪ್ರಶ್ನೆ ಏಳದೆ ಇರದು. ಆ ಹತ್ತು ಸಾವಿರದಲ್ಲಿ ನಮ್ಮ ಹುಡುಗರು, ನಮ್ಮ ಹುಡುಗಿಯರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಈಗ ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ. ಉದ್ಯಮ ಬಲಿತ ಮೇಲೆ ಬಾಗಿಲಿಗೆ ಹೋಗಿ ನಿಂತವರಿಗೆ ಸಿಗುವುದು ಕಾವಲುಗಾರನ ಕೆಲಸ.

ನಮಗೆ ಇದರ ಅನುಭವ ಇದೆ. ಸಂಡೂರಿನ ಗುಡ್ಡಗಳ ಅದಿರು ಲಾರಿ ಲಾರಿ ತುಂಬಿ ಬಂದರುಗಳಿಗೆ ಹೋಯಿತು, ಹಡಗು ಹತ್ತಿ ಚೀನಾಕ್ಕೂ ಹೋಯಿತು. ಅದು ಉಕ್ಕಾಗಿ, ಸೇತುವೆಯಾಗಿ, ಯಂತ್ರವಾಗಿ ಎಲ್ಲೆಲ್ಲೋ ಎದ್ದು ನಿಂತಿತು. ಇಲ್ಲಿ ಉಳಿದದ್ದು ಕೆಂಪು ಧೂಳು, ಒಡೆದ ರಸ್ತೆ, ಬತ್ತಿದ ಬಾವಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಒಂದು ತಲೆಮಾರಿನ ಹುಡುಗರು ಓದು ಬಿಟ್ಟು ಲಾರಿ ಹತ್ತಿಯಾಗಿತ್ತು. ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆಯ ಬಾಗಿಲೂ ಮುಚ್ಚಿತು. ಕಬ್ಬು ಬೆಳೆದವರು ಟ್ರ್ಯಾಕ್ಟರ್ ಕಟ್ಟಿಕೊಂಡು ದೂರದ ಕಾರ್ಖಾನೆಗಳಿಗೆ ಅಲೆಯಬೇಕಾಯಿತು. ಕಚ್ಚಾ ಮಾಲು ನಮ್ಮದು, ಅದರ ಬುದ್ಧಿ ಬೇರೆಯವರದು, ಲಾಭವೂ ಬೇರೆಯವರದು. ಈಗ ಮಕ್ಕಳ ಸರದಿ. ಅದಿರು ಕಳಿಸಿದ ಹಾಗೆ ಮಕ್ಕಳನ್ನೂ ಹಸಿಹಸಿಯಾಗಿ ಬೆಂಗಳೂರಿಗೆ ಕಳಿಸುತ್ತೇವೆಯೋ, ಇಲ್ಲೇ ಹದಮಾಡಿ ಕಳಿಸುತ್ತೇವೆಯೋ?

"ಅವೆಲ್ಲಾ ದೊಡ್ಡೋರ ಮಕ್ಕಳಿಗೆ ಸಾರ್, ನಮ್ಮ ಹುಡುಗ್ರಿಗೆಲ್ಲಿ" ಎನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳುತ್ತದೆ. ಈ ಮಾತಿಗೇ ನಾನು ಮೊದಲು ಉತ್ತರ ಕೊಡಬೇಕು.

ಕ್ವಾಂಟಂ ಕಂಪ್ಯೂಟರ್ ಎಂದರೆ ಕಪ್ಪು ಹಲಗೆಯ ಮೇಲಿನ ಗಣಿತ ಮಾತ್ರ ಅಲ್ಲ. ಅದೊಂದು ಯಂತ್ರ. ಈಗ ಹೆಚ್ಚು ಚಾಲ್ತಿಯಲ್ಲಿರುವ ಬಗೆಯಲ್ಲಿ ಉಗುರಿನಷ್ಟು ಗಾತ್ರದ ಒಂದು ಚಿಪ್ ಇರುತ್ತದೆ. ಅದನ್ನು ತಣ್ಣಗಾಗುವಿಕೆಯ ಕೊನೆಯ ಮಿತಿಯಾದ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿರುವ ಚಳಿಯಲ್ಲಿ ಇಡಬೇಕು. ನಕ್ಷತ್ರಗಳ ನಡುವಿನ ಖಾಲಿ ಆಕಾಶವೂ ಅಷ್ಟು ತಣ್ಣಗಿಲ್ಲ. ಆ ಚಳಿಯನ್ನು ಹುಟ್ಟಿಸುವುದು ಹೀಲಿಯಂ ಅನಿಲದಿಂದ ನಡೆಯುವ ಒಂದು ಶೈತ್ಯಯಂತ್ರ. ಒಂದರ ಕೆಳಗೊಂದು ತೂಗುಬಿಟ್ಟ ತಾಮ್ರದ ತಟ್ಟೆಗಳು, ಅವುಗಳ ಮೇಲೆ ಚಿನ್ನದ ಲೇಪ, ನಡುವೆ ಕೂದಲೆಳೆಯ ಲೆಕ್ಕದಲ್ಲಿ ಬಾಗಿಸಿದ ಕೇಬಲ್‌ಗಳು, ಹೊರಗೆ ಗಾಳಿಯನ್ನೆಲ್ಲ ಹೀರಿ ತೆಗೆದ ಲೋಹದ ಕವಚ. ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಒಂದು ಸೂಜಿರಂಧ್ರ ಉಳಿದರೂ ಇಡೀ ಯಂತ್ರ ಕೆಲಸಕ್ಕೆ ಬಾರದು. ಈ ಬೆಸುಗೆ ಹಾಕುವವರು ಯಾರು? ತಟ್ಟೆಯನ್ನು ಮೈಕ್ರಾನ್ ಲೆಕ್ಕದಲ್ಲಿ ತಿರುಗಿಸಿ ಕೊಡುವವರು ಯಾರು? ಸೋರಿಕೆ ಹುಡುಕುವವರು, ಪಂಪು ನೋಡಿಕೊಳ್ಳುವವರು, ಮೈಕ್ರೋವೇವ್ ಸರ್ಕ್ಯೂಟ್ ಜೋಡಿಸುವವರು ಯಾರು? ಪಿಎಚ್‌ಡಿ ಮಾಡಿದವರ ಪಕ್ಕದಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್, ಡಿಪ್ಲೊಮಾ ಮುಗಿಸಿದ ಹುಡುಗಿ ಇಲ್ಲದೆ ಕ್ವಾಂಟಂ ಪ್ರಯೋಗಾಲಯ ಒಂದು ದಿನವೂ ನಡೆಯದು. 2025ರ ಭೌತಶಾಸ್ತ್ರದ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಮಾಡಿದ್ದೇನು? ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಒಂದು ವಿದ್ಯುತ್ ಸರ್ಕ್ಯೂಟಿನಲ್ಲೂ ಕ್ವಾಂಟಂ ನಿಯಮ ನಡೆಯುತ್ತದೆ ಎಂದು ನಾಲ್ಕು ದಶಕದ ಹಿಂದೆ ಪ್ರಯೋಗ ಮಾಡಿ ತೋರಿಸಿದರು. ತಂತಿ, ಬೆಸುಗೆ, ಅಳತೆ, ತಾಳ್ಮೆಯ ಕೆಲಸ ಅದು.

ಇಂಥ ಕೈಗಳು ನಮ್ಮಲ್ಲಿ ಇವೆಯೇ ಎಂದು ಅನುಮಾನಿಸುವವರು 2024ರ ಆಗಸ್ಟ್ ನೆನಪಿಸಿಕೊಳ್ಳಿ. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ. ಅದರ ಮೇಲೆ ನಾಲ್ಕು ಜಿಲ್ಲೆಗಳ ಪೈರು ನಿಂತಿತ್ತು, ಆಂಧ್ರ, ತೆಲಂಗಾಣದ ಹೊಲಗಳೂ ನಿಂತಿದ್ದವು. ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸಪೇಟೆ, ತೋರಣಗಲ್ಲು ಭಾಗದ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಉಕ್ಕಿನ ಸ್ಟಾಪ್‌ಲಾಗ್‌ಗಳು ತಯಾರಾದವು. 60 ಅಡಿ ಉದ್ದದ ಆ ಭಾರೀ ಹಲಗೆಗಳನ್ನು ಭೋರ್ಗರೆದು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಒಂದು ವಾರದೊಳಗೆ ನೀರು ನಿಂತಿತು. ಅಲ್ಲಿ ಮುಖ್ಯ ಎಂಜಿನಿಯರ್ ಇದ್ದರು, ಕ್ರೇನ್ ನಡೆಸುವವರಿದ್ದರು, ವೆಲ್ಡರ್‌ಗಳಿದ್ದರು, ಕಂಪನಿಯವರಿದ್ದರು, ಸರ್ಕಾರವೂ ಇತ್ತು. ಯಾರೊಬ್ಬರು ಕೈಬಿಟ್ಟಿದ್ದರೂ ಕೆಲಸ ಆಗುತ್ತಿರಲಿಲ್ಲ. ಸಹಯೋಗ ಎಂದು ಸಮಾವೇಶಗಳಲ್ಲಿ ಭಾಷಣ ಮಾಡುತ್ತಾರಲ್ಲ, ಅದನ್ನು ನಮ್ಮ ಜನ ಪ್ರವಾಹದ ನಡುವೆ ನಿಂತು ಮಾಡಿ ತೋರಿಸಿದ್ದಾರೆ. ಇದು ಹೊಸದೂ ಅಲ್ಲ. ಕೃಷ್ಣದೇವರಾಯ ಹೊಸಪೇಟೆಯ ಬಳಿ ಕೆರೆ ಕಟ್ಟಿಸುವಾಗ ಜೊವಾ ದೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವು ಪಡೆದ ಸಂಗತಿಯನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಹೊರಗಿನ ವಿದ್ಯೆಯನ್ನು ಕರೆದು ಕೂರಿಸಿ ಒಳಗಿನ ಕೈಗಳ ಜೊತೆ ಸೇರಿಸಿದ ನೆಲ ಇದು.

ಇನ್ನೊಂದು ಮಾತು. ಕ್ವಾಂಟಂ ಕೆಲಸ ಯಂತ್ರ ಕಟ್ಟುವುದರಲ್ಲಷ್ಟೇ ಇಲ್ಲ. ಆ ಗೇಟಿನಲ್ಲಿ ನೀರು ಧುಮ್ಮಿಕ್ಕುತ್ತಿದ್ದ ಅದೇ ವಾರ, ಆಗಸ್ಟ್ 13ರಂದು, ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಂ ಕಂಪ್ಯೂಟರಿಗೂ ಮುರಿಯಲಾಗದಂತೆ ರೂಪಿಸಿದ ಹೊಸ ಗೂಢಲಿಪಿಯ ಮೊದಲ ಮಾನಕಗಳನ್ನು ಪ್ರಕಟಿಸಿತು. ಇದರರ್ಥ ಇಷ್ಟೇ: ಈಗಿನ ಗೂಢಲಿಪಿಯನ್ನು ಮುಂದೊಂದು ದಿನ ಕ್ವಾಂಟಂ ಕಂಪ್ಯೂಟರ್ ಮುರಿಯಬಹುದು, ಹಾಗಾಗಿ ಬ್ಯಾಂಕು, ಫೋನು, ಸರ್ಕಾರಿ ಕಡತಗಳ ಬೀಗಗಳನ್ನೆಲ್ಲ ಮುಂದಿನ ವರ್ಷಗಳಲ್ಲಿ ಬದಲಿಸಬೇಕು. ಈ ಕೆಲಸಕ್ಕೆ ಕ್ವಾಂಟಂ ಕಂಪ್ಯೂಟರೇ ಬೇಕಿಲ್ಲ. ಒಳ್ಳೆಯ ಗಣಿತ, ಒಳ್ಳೆಯ ಪ್ರೋಗ್ರಾಮಿಂಗ್, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಹೊಸಪೇಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಇವತ್ತೇ ಕಲಿಯಲು ಕೂರಬಹುದು.

ಹಾಗಾದರೆ ತೊಡಕು ಎಲ್ಲಿದೆ? ತರಗತಿಯಲ್ಲಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನದಿಂದ ಎಲ್ಲವೂ ಇಂಗ್ಲಿಷ್. ಎಷ್ಟೋ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ನಂಬಿ ನಡೆಯುತ್ತಿವೆ. ಅವರ ಗೌರವಧನ ಸಮಯಕ್ಕೆ ಬರುವುದಿಲ್ಲ, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎನ್ನುವುದೂ ಅವರಿಗೆ ತಿಳಿಯದು. ಪ್ರಯೋಗ ಎನ್ನುವುದು ರೆಕಾರ್ಡ್ ಪುಸ್ತಕಕ್ಕೆ ಇಳಿಸುವ ಕೆಲಸವಾಗಿಬಿಟ್ಟಿದೆ. ಹೀಗೆ ಬೆಳೆದ ಮಗುವಿಗೆ ಕ್ವಾಂಟಂ ಎಂದರೆ ದೊಡ್ಡೋರ ಮಕ್ಕಳ ವಿದ್ಯೆ ಎನಿಸುವುದು ಸಹಜ. ತಪ್ಪು ಮಗುವಿನದಲ್ಲ.

ಉಪನ್ಯಾಸಕ ಮಿತ್ರರೇ, ಅನುದಾನ ಬರುವವರೆಗೆ ಕಾಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ. ಅಂಗಡಿಯಲ್ಲಿ ಸಿಗುವ ಕೆಂಪು ಲೇಸರ್ ಪಾಯಿಂಟರ್ ಒಂದನ್ನು ಮೇಜಿಗೆ ಬಿಗಿದು, ಯಾರೂ ಅದರ ದಾರಿಗೆ ಕಣ್ಣು ಕೊಡದಂತೆ ನೋಡಿಕೊಳ್ಳಿ. ಒಬ್ಬ ವಿದ್ಯಾರ್ಥಿನಿಯ ಒಂದೇ ಒಂದು ತಲೆಗೂದಲನ್ನು ಬೆಳಕಿನ ದಾರಿಗೆ ಅಡ್ಡವಾಗಿ ಅಂಟಿಸಿ. ಮೂರು ಮೀಟರ್ ಆಚೆಯ ಗೋಡೆಯ ಮೇಲೆ ಕೂದಲಿನ ನೆರಳು ಬೀಳುವುದಿಲ್ಲ. ಬೆಳಕು, ಕತ್ತಲು, ಬೆಳಕು, ಕತ್ತಲು ಎಂದು ಪಟ್ಟಿಗಳ ಸಾಲು ಮೂಡುತ್ತದೆ. ಕತ್ತಲ ಪಟ್ಟಿಗಳ ನಡುವಿನ ದೂರ ಸ್ಕೇಲಿನಲ್ಲಿ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಬರುತ್ತದೆ. ಲೆಕ್ಕ ಹಾಕಿಸಿ, ಆ ಹುಡುಗಿ ತನ್ನ ಕೂದಲಿನ ದಪ್ಪವನ್ನು, ಮಿಲಿಮೀಟರಿನ ನೂರರಲ್ಲಿ ಏಳು ಭಾಗದಷ್ಟನ್ನು, ಬರೀ ಪ್ಲಾಸ್ಟಿಕ್ ಸ್ಕೇಲಿನಿಂದ ಅಳೆದಿರುತ್ತಾಳೆ. ಆಮೇಲೆ ಹೇಳಿ: ಬೆಳಕನ್ನು ಮಂಕು ಮಾಡುತ್ತಾ ಮಾಡುತ್ತಾ ಒಂದು ಸಲಕ್ಕೆ ಒಂದೇ ಕಣ ಹೋಗುವ ಹಾಗೆ ಮಾಡಿದರೂ, ಸಾಕಷ್ಟು ಕಣಗಳು ಬಿದ್ದ ಮೇಲೆ ಇದೇ ಪಟ್ಟಿಗಳು ಮೂಡುತ್ತವೆ. ಒಂಟಿ ಕಣ ಯಾವ ಕಡೆಯಿಂದ ಹೋಯಿತು ಎಂದು ಕೇಳಿ ನೋಡಿ. ತರಗತಿ ಸ್ತಬ್ಧವಾಗುತ್ತದೆ. ಇಡೀ ಕ್ವಾಂಟಂ ಉದ್ಯಮ ನಿಂತಿರುವುದು ಆ ಪ್ರಶ್ನೆಯ ಮೇಲೆ. ಅದನ್ನು ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ವಾದ ಮಾಡಲು ಬಿಡಿ. ಇಂಗ್ಲಿಷ್ ಪದಗಳು ಹಿಂದೆಯೇ ಬರುತ್ತವೆ.

ಆದರೆ ಎಲ್ಲ ಭಾರವನ್ನೂ ಮೇಷ್ಟ್ರ ಹೆಗಲಿಗೆ ಹೊರಿಸುವುದು ಅನ್ಯಾಯ. ಹಣ ಇದೆ. ಗಣಿ ಬಾಧಿತ ಪ್ರದೇಶಗಳಿಗೆಂದೇ 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಆ ನಿಧಿಯ ದೊಡ್ಡ ಪಾಲನ್ನು ಆದ್ಯತೆಯ ಕ್ಷೇತ್ರಗಳಿಗೇ ಬಳಸಬೇಕು. ಶಿಕ್ಷಣವೂ ಕೌಶಲ ತರಬೇತಿಯೂ ಆ ಪಟ್ಟಿಯಲ್ಲಿವೆ. ಇದಲ್ಲದೆ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಗಣಿ ಪ್ರದೇಶಗಳ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ತೆಗೆದಿಡಲಾಗಿದೆ. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿ ಉಳಿಯಿತು, ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಧೂಳು ಮಾತ್ರ ಎರಡೂ ಕಡೆಯವರ ಎದೆಯೊಳಗೆ ಇಳಿದಿದೆ. ಜಿಲ್ಲಾಧಿಕಾರಿಗಳೇ, ಶಾಸಕರೇ, ಈ ಹಣ ನಮ್ಮ ಮಕ್ಕಳ ಶ್ವಾಸಕೋಶದ ಬೆಲೆ. ಕಮಾನು, ಕಾಂಪೌಂಡು, ಸಿಮೆಂಟ್ ರಸ್ತೆಗೆ ಮಾತ್ರ ಅದನ್ನು ಸುರಿಯಬೇಡಿ. ಹೊಸಪೇಟೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ನಿರ್ವಾತ ತಂತ್ರ ಮತ್ತು ಶೈತ್ಯ ತಂತ್ರದ ಒಂದು ವಿಭಾಗ ಕೊಡಿ. ಕಂಪ್ಲಿ, ಸಂಡೂರು, ಹೊಸಪೇಟೆಯ ಸರ್ಕಾರಿ ಕಾಲೇಜುಗಳಿಗೆ ನಿಜವಾದ ದ್ಯುತಿ ಪ್ರಯೋಗಾಲಯ ಕೊಡಿ, ಅದನ್ನು ನಡೆಸುವ ಕಾಯಂ ಉಪನ್ಯಾಸಕರನ್ನೂ ಕೊಡಿ.

ವಿಜ್ಞಾನ ಸಂಸ್ಥೆಯ ಹಿರಿಯರಲ್ಲಿ ಒಂದು ಬಿನ್ನಹ. ಚಳ್ಳಕೆರೆಯ ಕುದಾಪುರದಲ್ಲಿ ನಿಮ್ಮ ಎರಡನೇ ಆವರಣ ಇದೆ. ಅಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುತ್ತಾ ಬಂದಿದ್ದೀರಿ, ಅದಕ್ಕೆ ನಾವು ಋಣಿಗಳು. ಅದೇ ಆವರಣದಲ್ಲಿ ನಮ್ಮ ಕಡೆಯ ಶಿಕ್ಷಕರಿಗೆ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕ್ವಾಂಟಂ ಉಪಕರಣಗಳನ್ನು ಮುಟ್ಟಿ ಕಲಿಯುವ ಅವಕಾಶ ಕೊಡಿ. ಬೆಂಗಳೂರಿನ ನವೋದ್ಯಮಗಳ ಯುವಕರೇ, ನಿಮ್ಮ ಕವಚಗಳಿಗೆ, ತಟ್ಟೆಗಳಿಗೆ, ಜೋಡಣೆಗೆ ಹೊರದೇಶದಿಂದ ತಿಂಗಳುಗಟ್ಟಲೆ ಕಾಯುವ ಬದಲು ಒಂದು ಸಲ ಹೊಸಪೇಟೆಯ ಲೇತ್ ಶಾಪುಗಳಿಗೆ ಬನ್ನಿ. ನಕ್ಷೆ ಕೊಡಿ, ತಪ್ಪಾದರೆ ತಿದ್ದಿ, ಮತ್ತೆ ಕೊಡಿ. ಸಂವಿಧಾನದ 371(ಜೆ) ವಿಧಿ ನಮಗೆ ಸರ್ಕಾರಿ ಕೆಲಸದಲ್ಲಿ, ಕಾಲೇಜು ಸೀಟಿನಲ್ಲಿ ಪಾಲು ಕೊಟ್ಟಿದೆ. ನಿಮ್ಮ ಪ್ರಯೋಗಾಲಯದ ಬಾಗಿಲಿನವರೆಗೆ ಅದು ಬರುವುದಿಲ್ಲ. ಆ ಬಾಗಿಲು ತೆರೆಯುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಒಬ್ಬ ಭೌತವಿಜ್ಞಾನಿಯನ್ನೂ ಒಬ್ಬ ಒಳ್ಳೆಯ ಕನ್ನಡ ಲೇಖಕರನ್ನೂ ಜೊತೆಗೆ ಕೂರಿಸಿ, ಪಿಯುಸಿ ಮಕ್ಕಳು ಓದಬಲ್ಲ ಕ್ವಾಂಟಂ ಪುಸ್ತಕ ಬರೆಸಲಿ. ಕನ್ನಡದ ಹೆಸರು ಹೊತ್ತ ಆ ಸಂಸ್ಥೆ ಮಾಡದೆ ಇನ್ಯಾರು ಮಾಡಬೇಕು?

ತಂದೆ ತಾಯಂದಿರಿಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕ್ವಾಂಟಂ ಕಂಪ್ಯೂಟರುಗಳು ಇನ್ನೂ ತಪ್ಪು ಮಾಡುವ ಎಳೆಯ ಯಂತ್ರಗಳು. ದಿನಬಳಕೆಗೆ ಬರಲು ವರ್ಷಗಳೇ ಹಿಡಿಯಬಹುದು. ನಾಳೆ ಯಾರೋ ಬೋರ್ಡು ಹಾಕಿ, ಮೂರು ತಿಂಗಳಲ್ಲಿ ಕ್ವಾಂಟಂ ಕಲಿಸಿ ಲಕ್ಷ ಸಂಬಳ ಕೊಡಿಸುತ್ತೇವೆ ಎಂದರೆ ಹೊಲ ಮಾರಿ ಫೀಸು ಕಟ್ಟಬೇಡಿ. ಗಣಿತ, ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕೈಕೆಲಸ ಗಟ್ಟಿಯಾಗಿರಲಿ. ಕ್ವಾಂಟಂ ಉದ್ಯಮ ನಿಧಾನವಾದರೂ ಈ ವಿದ್ಯೆ ನಷ್ಟವಾಗುವುದಿಲ್ಲ. ಮಗಳಿಗೆ ಭೌತಶಾಸ್ತ್ರ ಬೇಕೆಂದರೆ ಬೇಡ ಎನ್ನಬೇಡಿ. ಮಗ ಐಟಿಐಗೆ ಹೋಗುತ್ತೇನೆಂದರೆ ತಲೆ ತಗ್ಗಿಸಬೇಡಿ.

ಕಾಲ ಹೆಚ್ಚಿಲ್ಲ. 2026ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದ ಮಗು ಹೊರಬರುವುದು 2029ಕ್ಕೆ. ರಾಷ್ಟ್ರೀಯ ಕ್ವಾಂಟಂ ಮಿಷನ್ ಮುಗಿಯುವುದು 2031ಕ್ಕೆ. ಚಿತ್ತವಾಡ್ಗಿಯ ಹಿರಿಯರೇ, ಯುವಕರೇ, ಖನಿಜ ಪ್ರತಿಷ್ಠಾನದ ಮುಂದಿನ ಸಭೆಗೆ ಮೊದಲು ಒಂದು ಅರ್ಜಿ ಬರೆಯಿರಿ. ನಮ್ಮ ಕಾಲೇಜಿಗೆ ಪ್ರಯೋಗಾಲಯ ಬೇಕು, ಪಾಠ ಮಾಡುವವರು ಬೇಕು ಎಂದು ಬರೆಯಿರಿ. ಊರಿನವರೆಲ್ಲ ಸಹಿ ಹಾಕಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದೇ ಹೊರಬನ್ನಿ.