ಬಾನುಲಿ ಮತ್ತು ಒಕ್ಕಲುತನ

ಭೂಮಿಯನ್ನು ನಂಬಿದವನಿಗೆ ತಿಳಿವಳಿಕೆಯು ಬೀಜದಷ್ಟೇ ಅವಶ್ಯವಾದುದು. ಬೀಜವು ಹದವರಿತು ಬಿದ್ದರೆ ಮಾತ್ರ ಮೊಳೆಯುವಂತೆ, ತಿಳಿವಳಿಕೆಯೂ ಹಂಗಾಮು ಮೀರುವ ಮುನ್ನವೇ ಹೊಲವನ್ನು ಮುಟ್ಟಬೇಕು. ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಸೀಮೆಯಲ್ಲಿ ಮಳೆಯನ್ನೇ ನೆಚ್ಚಿದ ಒಕ್ಕಲಿಗನಿಗೆ ಬಿತ್ತಿಗೆ ಒಂದು ವಾರ ತಪ್ಪಿದರೆ ಇಡೀ ವರ್ಷವೇ ತಪ್ಪಿದಂತೆ. ಇಂಥವನ ಬಾಗಿಲಿಗೆ ಹೊಸ ವಿದ್ಯೆಯನ್ನು ಬೇಗ ತಲುಪಿಸಿದ ಕೀರ್ತಿ ಬಾನುಲಿಗೆ ಸಲ್ಲುತ್ತದೆ. ಆದರೆ ತಲುಪಿಸುವುದು ಬೇರೆ, ನೆಲೆಗೊಳಿಸುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ತುಂಬುವ ಹೊಣೆ ಹಳ್ಳಿಯ ಶಾಲೆಯದಾಗಬೇಕು.

ಧಾರವಾಡದ ಆಕಾಶವಾಣಿ ನಿಲಯವು 1950ರ ಜನವರಿ 8ರಂದು ಆರಂಭವಾಯಿತು. ಅಕ್ಷರ ಬಲ್ಲವನಿಗೂ ಅಕ್ಷರ ಬಾರದವನಿಗೂ ಅದು ಒಂದೇ ಭಾಷೆಯಲ್ಲಿ ಮಾತನಾಡಿತು. ಟ್ರಾನ್ಸಿಸ್ಟರು ಬಂದ ಮೇಲಂತೂ ಬಾನುಲಿ ಒಕ್ಕಲಿಗನ ಹೆಗಲೇರಿ ಹೊಲಕ್ಕೂ ನಡೆಯಿತು. ಇದರ ಶಕ್ತಿಗೆ ತಮಿಳುನಾಡಿನ ತಂಜಾವೂರು ಸೀಮೆಯೇ ಸಾಕ್ಷಿ. 1960ರ ದಶಕದಲ್ಲಿ ಎ.ಡಿ.ಟಿ.-27 ಎಂಬ ಭತ್ತದ ತಳಿಯು ಬಾನುಲಿಯ ಮೂಲಕ ಎಷ್ಟು ಬೇಗ ಹರಡಿತೆಂದರೆ, ಅಲ್ಲಿಯ ಜನ ಅದನ್ನು ‘ರೇಡಿಯೋ ಭತ್ತ’ವೆಂದೇ ಕರೆದರು.

ಆದರೆ ಬಾನುಲಿಯ ಧ್ವನಿ ಒಂದು, ಅದು ಮುಟ್ಟುವ ಮಣ್ಣು ಹಲವು. ಮಲೆನಾಡ ಸೆರಗಿನ ಭತ್ತದ ಗದ್ದೆಗೂ ಎರೆನಾಡಿನ ಹಿಂಗಾರಿ ಜೋಳದ ಹೊಲಕ್ಕೂ ಧಾರವಾಡದ ಮಾತು ಏಕಕಾಲದಲ್ಲಿ ಹೋಗುತ್ತದೆ. 1972ರಲ್ಲಿ ಡಾ. ಬಿ. ಎಚ್. ಕಟರಕಿಯವರು ಧಾರವಾಡದಿಂದ ನೀಡಿದ ‘ವರಲಕ್ಷ್ಮಿ’ ಹತ್ತಿಯು ಉದ್ದನೆಯ ನಯವಾದ ಎಳೆಯಿಂದ ದೇಶವಿಡೀ ಹೆಸರು ಮಾಡಿತು. ಆದರೆ ಆ ಸಂಕರ ತಳಿಗೆ ವರ್ಷ ವರ್ಷವೂ ಹೊಸ ಬೀಜವನ್ನು ಕೊಳ್ಳಬೇಕು. ನೀರು, ಗೊಬ್ಬರ, ಔಷಧಗಳೂ ಧಾರಾಳವಾಗಿ ಬೇಕು. ನೀರಾವರಿಯುಳ್ಳವನಿಗೆ ವರವಾಗುವ ಬೆಳೆ ಒಣಬೇಸಾಯದವನಿಗೆ ಸಾಲವಾದೀತು. ಇಂಥ ಸುದ್ದಿಯನ್ನು ಕೇಳಿದವನು ತನ್ನ ಹೊಲದ ಆಳ, ತನ್ನ ಕೈಯ ಹಣ ಎರಡನ್ನೂ ತೂಗಿ ನೋಡಬೇಕಾಗುತ್ತದೆ. ಈ ತೂಗುವ ಕೆಲಸ ಒಬ್ಬನಿಂದ ಆಗುವಂಥದಲ್ಲ.

ಇದನ್ನು 1956ರಲ್ಲಿಯೇ ಪುಣೆಯ ಪ್ರಯೋಗವು ತೋರಿಸಿಕೊಟ್ಟಿತು. ಬೆಳಗಾವಿಯು ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಆ ವರ್ಷದ ಆರಂಭದಲ್ಲಿ, ಅದೇ ಪ್ರಾಂತದ ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೋದ ನೆರವಿನಿಂದ ಬಾನುಲಿ ಕೂಟಗಳು ಏರ್ಪಟ್ಟವು. ಗ್ರಾಮಸ್ಥರು ಕೂಡಿ ಕುಳಿತು ಕೇಳಿದರು, ಕೇಳಿದ್ದನ್ನು ಚರ್ಚಿಸಿದರು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸಿದರು. ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಅವರು ಫಲವನ್ನು ಅಳೆದಾಗ, ಕೂಟಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಲ್ಲಿ ಆದ ಏಳಿಗೆ ಅತ್ಯಲ್ಪ. ಪೆಟ್ಟಿಗೆಯೊಂದರಿಂದಲೇ ವಿದ್ಯೆ ಹರಡದು, ಮಾತುಕತೆಯಿಂದ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇನ್ನೊಂದು ಮಾತು ವಿಚಾರಾರ್ಹವಾಗಿದೆ. ಬೀಜ ಮತ್ತು ಔಷಧಗಳನ್ನು ಹೊಗಳಲು ಅಂಗಡಿಗಳಿವೆ, ಗೋಡೆಬರಹಗಳಿವೆ. ಆದರೆ ಮಳೆನೀರನ್ನು ಹಿಡಿದಿಡಲು ಎರೆಹೊಲದಲ್ಲಿ ಚೌಕುಮಡಿ ಮಾಡಬೇಕೆಂದು, ಕಾಡಿಗೆ ರೋಗ ಬಾರದಂತೆ ಜೋಳದ ಬೀಜಕ್ಕೆ ಗಂಧಕ ಲೇಪಿಸಬೇಕೆಂದು ಸಾರಲು ಯಾವ ವ್ಯಾಪಾರಿಯೂ ಮುಂದಾಗುವುದಿಲ್ಲ. ಅದರಲ್ಲಿ ಅವನಿಗೆ ಲಾಭವಿಲ್ಲ. ಮಾರುವವರಿಲ್ಲದ ವಿದ್ಯೆಗೆ ಸಾರ್ವಜನಿಕ ಧ್ವನಿಯೇ ಗತಿ. ಬಡ ಒಕ್ಕಲಿಗನಿಗೆ ಅತ್ಯಂತ ಉಪಕಾರಿಯಾದುದೂ ಇಂಥ ವಿದ್ಯೆಯೇ ಆಗಿದೆ.

ಕೈಗೊಂದು ಮೊಬೈಲು ಬಂದಿರುವಾಗ ಬಾನುಲಿಯ ಮಾತೇಕೆಂದು ಕೆಲವರು ಕೇಳಬಹುದು. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂದಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಸಮುದಾಯ ಬಾನುಲಿಯನ್ನು ಆರಂಭಿಸಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಸಮುದಾಯ ಬಾನುಲಿಯ ಧ್ವನಿ ಸುತ್ತಲಿನ ಕೆಲವು ಹಳ್ಳಿಗಳನ್ನು ದಾಟದು. ಮೊಬೈಲಿನಲ್ಲಿಯಾದರೋ ಶಾಸ್ತ್ರಜ್ಞನ ಮಾತೂ ಮಾರಾಟಗಾರನ ಮಾತೂ ಒಂದೇ ದನಿಯಲ್ಲಿ ಬರುತ್ತವೆ. ಒಬ್ಬೊಬ್ಬನೂ ಒಂಟಿಯಾಗಿ ಕೇಳುತ್ತಾನೆ, ಒಂಟಿಯಾಗಿಯೇ ನಷ್ಟ ಅನುಭವಿಸುತ್ತಾನೆ. ಸಾಧನಗಳು ಹೆಚ್ಚಿದಷ್ಟೂ ಕೂಡಿ ಕೇಳುವ ಅವಶ್ಯಕತೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಈ ಕಾರ್ಯಕ್ಕೆ ಶಾಲೆಗಿಂತ ಯೋಗ್ಯವಾದ ಸ್ಥಾನ ಹಳ್ಳಿಯಲ್ಲಿ ಮತ್ತೊಂದಿಲ್ಲ. ಅಲ್ಲಿ ಜಾಗವಿದೆ, ದೀಪವಿದೆ, ಎಲ್ಲರ ಮಕ್ಕಳೂ ಅಲ್ಲಿದ್ದಾರೆ. ವಾರಕ್ಕೊಂದು ಸಂಜೆ ಕೃಷಿ ಕಾರ್ಯಕ್ರಮದ ವೇಳೆಗೆ ರೈತರನ್ನು ಕರೆದು ಕೂರಿಸಿ, ಅವರ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿ ನಿಲಯಕ್ಕೆ ಕಳುಹಿಸುವುದು ಶಿಕ್ಷಕರಿಗೆ ಹೊರೆಯಾಗಲಾರದು. ಕೃಷಿ ಪದವಿ ಪಡೆದ ಹಳೆಯ ವಿದ್ಯಾರ್ಥಿಗಳು ಹಂಗಾಮಿಗೊಮ್ಮೆ ಬಂದು, ಕೇಳಿದ್ದನ್ನು ಊರ ಮಣ್ಣಿಗೆ ಹೊಂದಿಸಿ ಹೇಳಲಿ. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಅಲ್ಪಾಂಶವನ್ನು ಒಂದೆರಡು ಗುಂಟೆಯ ಪ್ರಾತ್ಯಕ್ಷಿಕೆಯ ಹೊಲಕ್ಕೆ ಮೀಸಲಿಡಲಿ. ಕಿವಿಯಿಂದ ಕೇಳಿದ್ದನ್ನು ಕಣ್ಣು ಒಪ್ಪಿದ ಮೇಲೆಯೇ ಒಕ್ಕಲಿಗನು ಕೂರಿಗೆಗೆ ಕೈ ಹಚ್ಚುವನು.

ತಂದೆಯ ಹೊಲ ಬೆಳೆದರೆ ಮಗನ ಓದು ನಿಲ್ಲದು. ಬರಗಾಲದಲ್ಲಿ ಮೊದಲು ಬರಿದಾಗುವುದು ಕಣಜ. ಅದರ ಬೆನ್ನಿಗೇ ಶಾಲೆಯ ಹಾಜರಿ ಪಟ್ಟಿ. ಆದುದರಿಂದ ಒಕ್ಕಲುತನದ ತಿಳಿವಳಿಕೆಯನ್ನು ಹರಡುವುದು ಶಾಲೆಗೆ ಪರರ ಕೆಲಸವಲ್ಲ, ತನ್ನದೇ ಬುನಾದಿಯನ್ನು ಭದ್ರಪಡಿಸಿಕೊಳ್ಳುವ ಕೆಲಸವಾಗಿದೆ.